ಮಾವ ಬಿಟ್ಟ ರೈಲು

ನಮ್ಮ ಕಡೆ ಯಾರಾದರೂ ಸುಳ್ಳು ಹೇಳಿದರೆ, ಇಲ್ಲವೇ ಒಂದಿದ್ದದ್ದನ್ನು ನಾಲ್ಕು ಮಾಡಿ ಹೇಳಿದರೆ, "ರೈಲು ಬಿಡ್ತಾನೆ" ಅನ್ನುತ್ತಾರೆ. ತರೀಕೆರೆಯ ನಮ್ಮ ಮನೆಯಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಕೇಳಿಬರುತ್ತಿತ್ತು, ಅದೂ ಒಬ್ಬರ ಮೇಲೆಯೇ. ಅವರು ನನ್ನ ಮಾವ, ನನ್ನ ಗಂಡನ ತಂದೆ. ಅವರು ಹೇಳುತ್ತಿದ್ದ ಕಥೆಗಳೂ ರೈಲಿನವೇ ಆದ್ದರಿಂದ ನನ್ನ ಮಕ್ಕಳಿಗೆ ಇದು ಇನ್ನಷ್ಟು ಮಜವಾಗಿತ್ತು. ತಾತ ಬಾಯಿ ತೆರೆಯುವ ಮೊದಲೇ "ತಾತ ರೈಲು ಬಿಡ್ತಾರೆ, ಎಲ್ರೂ ಹತ್ಕಳ್ರೋ" ಎಂದು ಕೂಗುತ್ತಿದ್ದವು. ಮಾವನೂ ನಗುತ್ತಿದ್ದರು. ಆ ನಗು ನಿಜವಾದದ್ದಲ್ಲ ಎಂದು ನನಗೆ ಬಹಳ ತಡವಾಗಿ ಗೊತ್ತಾಯಿತು.

ತರೀಕೆರೆಯಿಂದ ಕಾಡಿನ ಕಡೆಗೆ ಹಿಂದೆ ಒಂದು ಪುಟ್ಟ ರೈಲು ಓಡುತ್ತಿತ್ತು. ಜನ ಅದನ್ನು ಟ್ರಾಂ ಎನ್ನುತ್ತಿದ್ದರು. ನಾನು ಈ ಊರಿಗೆ ಸೊಸೆಯಾಗಿ ಬರುವ ಎಷ್ಟೋ ವರ್ಷ ಮೊದಲೇ ಅದು ನಿಂತುಹೋಗಿ, ಹಳಿಗಳನ್ನೂ ಕಿತ್ತುಹಾಕಿದ್ದರು. ಟ್ರಾಂ ಇತ್ತು ಎನ್ನುವುದನ್ನು ಊರಿನ ಹಿರಿಯರು ಒಪ್ಪುತ್ತಿದ್ದರು. ಮಾವ ಅದರಲ್ಲಿ ಕೀಮ್ಯಾನ್ ಆಗಿದ್ದರು ಎನ್ನುವುದನ್ನು ಮಾತ್ರ ಯಾರೂ ಒಪ್ಪುತ್ತಿರಲಿಲ್ಲ. ಕೀಮ್ಯಾನ್ ಅಂದರೆ ಬೆಳಗ್ಗೆ ಮೊದಲ ಗಾಡಿ ಬರುವ ಮುಂಚೆ ಸುತ್ತಿಗೆ ಹಿಡಿದು ಹಳಿಯುದ್ದಕ್ಕೂ ನಡೆದು, ತಟ್ಟಿ ನೋಡಿ, ಸಡಿಲವಾದದ್ದನ್ನು ಬಿಗಿ ಮಾಡುವವನು. ಮಾವ ಹದಿನೆಂಟು ತುಂಬುವಾಗ ಆ ಕೆಲಸಕ್ಕೆ ಸೇರಿದ್ದರಂತೆ. ಟ್ರಾಂ ನಿಂತ ಮೇಲೆ ಸಿಂಗಟಗೆರೆ ಹತ್ತಿರ ಅತ್ತೆಯ ತವರಿಗೆ ಹೋಗಿ ಮೂವತ್ತು ವರ್ಷ ಬೇಸಾಯ ಮಾಡಿ, ವಯಸ್ಸಾದ ಮೇಲೆ ಮಗನ ಜೊತೆ ಮತ್ತೆ ತರೀಕೆರೆಗೆ ಬಂದವರು. ಹಾಗಾಗಿ ಊರಿನವರ ಕಣ್ಣಿಗೆ ಅವರು ಬಯಲುಸೀಮೆಯಿಂದ ಬಂದ ಒಬ್ಬ ಮುದುಕ, ಅಷ್ಟೆ. ಕೆಲಸದ ಕಾಗದಗಳು ಇದ್ದವಂತೆ. ಗೆದ್ದಲು ತಿಂದವಂತೆ. ಆ 'ಅಂತೆ'ಗಳನ್ನು ಕೇಳಿ ಕೇಳಿ ನನಗೂ ಸಾಕಾಗಿತ್ತು.

ನಾನು ಆಗ ಊರಾಚೆಯ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಒಬ್ಬ ಟೈಲರು ತನ್ನ ಅಂಗಡಿಯಲ್ಲೇ ಒಂದು ಸಂಘ ಕಟ್ಟಿದರು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ಟ್ರಾಂ ನೋಡಿದ್ದವರು ಅವರು. ಹಳೆಯ ರೈಲಿನ ಸಾಮಾನುಗಳನ್ನೆಲ್ಲ ಒಂದು ಕಡೆ ಸೇರಿಸಿ ಮ್ಯೂಸಿಯಂ ಮಾಡಬೇಕು ಎಂಬುದು ಅವರ ಹಟ. ಕಡೂರಿನಿಂದ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರು ಪ್ರತಿ ಭಾನುವಾರ ರೈಲಿನಲ್ಲೇ ಬಂದು ಸೇರಿಕೊಳ್ಳುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿದರು. ಮಾವನನ್ನು ಯಾರೂ ಕರೆದಿರಲಿಲ್ಲ. ನನ್ನ ಹಿಂದೆಯೇ ಕೋಲೂರಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು.

ಊರಿನವರು ನಮಗೆ ಇಟ್ಟ ಹೆಸರು ಗುಜರಿ ಸಂಘ. ಬೇಜಾರು ಮಾಡಿಕೊಳ್ಳುವಂತಿರಲಿಲ್ಲ, ಇದ್ದದ್ದೇ ಹಾಗೆ. ಕೈದೀಪಗಳು, ಹರಿದ ಹಸಿರು ಬಾವುಟ, ಟಿಕೆಟ್ಟಿಗೆ ತೂತು ಹಾಕುವ ಕತ್ತರಿ, ರಟ್ಟಿನ ಟಿಕೆಟ್ಟುಗಳು, ಒಂದು ಟೋಪಿ, ಎಲ್ಲವೂ ಹೊಲಿಯುವ ಬಟ್ಟೆಗಳ ನಡುವೆ ಬಿದ್ದಿರುತ್ತಿದ್ದವು. ಆದರೆ ಅವೆಲ್ಲ ದೊಡ್ಡ ರೈಲಿನವು. ಟ್ರಾಮಿನದು ಎಂದು ತೋರಿಸಲು ಒಂದು ಮೊಳೆಯೂ ಸಿಕ್ಕಿರಲಿಲ್ಲ. ಅದರ ಹಳಿ ಕೆಳಗಿನ ಮರದ ದಿಮ್ಮಿಗಳು ಯಾರದೋ ಮನೆಯ ಬಾಗಿಲುವಾಡವಾಗಿದ್ದವು, ಮೋರಿಯ ಕಲ್ಲುಗಳು ಯಾರದೋ ಪಾಯಕ್ಕೆ ಹೋಗಿದ್ದವು. ಮಾವನನ್ನು ಮುಂದಿಟ್ಟುಕೊಂಡು ನಾವು ನಾಲ್ಕಾರು ಶನಿವಾರ ಅಲೆದದ್ದೂ ಆಯಿತು. "ಇಲ್ಲೇ ಇತ್ತು ಕಣಮ್ಮ, ಇಲ್ಲೇ" ಎಂದು ಅವರು ಬೇಲಿಗಳ ಮುಂದೆ ನಿಂತು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಅವರ ಕಣ್ಣು ಆಗಲೇ ಮಂಜಾಗಿತ್ತು.

ಒಮ್ಮೆ ಅಜ್ಜಂಪುರದ ಈರುಳ್ಳಿ ಮಂಡಿಯೊಂದರ ಸೂರಿಗೆ ಟ್ರಾಮಿನ ಹಳಿಯನ್ನೇ ತೊಲೆಯಾಗಿ ಹಾಕಿದ್ದಾರೆ ಎಂದು ಸುದ್ದಿ ಬಂತು. ಟೈಲರು ಹೋಗಿ ಕಾಡಿ ಬೇಡಿ ಅದರಲ್ಲೊಂದು ತುಂಡನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಆ ಭಾನುವಾರ ಅದಕ್ಕೆ ಸೇವಂತಿಗೆ ಹಾರ ಹಾಕಿ, ವಿಭೂತಿ ಹಚ್ಚಿ, ಊರಿನ ನಾಲ್ಕು ದೊಡ್ಡ ಮನುಷ್ಯರನ್ನು ಕರೆದು ಕೂರಿಸಿದ್ದರು. ಸ್ಟೇಷನ್ ಮಾಸ್ತರಿಗೆ ಜ್ವರ, ಬಂದಿರಲಿಲ್ಲ. ಅವರಿದ್ದಿದ್ದರೆ ನೋಡಿದ ಕೂಡಲೇ ಹೇಳಿಬಿಡುತ್ತಿದ್ದರು. ಕಾಯಿ ಒಡೆಯುವ ಹೊತ್ತಿಗೆ ಮಾವ ಎದ್ದು ಹೋಗಿ ಕೋಲಿನ ತುದಿಯ ಕಬ್ಬಿಣದ ಬಳೆಯಿಂದ ಅದಕ್ಕೆ ಎರಡು ಏಟು ಕೊಟ್ಟರು.

"ಇದು ನಮ್ ಹಳಿ ಅಲ್ಲ. ದೊಡ್ ರೈಲಿಂದು" ಅಂದರು. "ದೊಡ್ ಹಳಿ ಕೆಮ್ತದೆ. ನಮ್ದು ಅಳ್ತದೆ."

ಬಂದವರು ಗೊಳ್ಳೆಂದು ನಕ್ಕರು. ಟೈಲರ ಮುಖ ಸಣ್ಣಗಾಯಿತು. ನನಗಂತೂ ನೆಲ ಬಿರಿಯಬಾರದೇ ಅನ್ನಿಸಿತು. ನನ್ನ ಸಿಟ್ಟು ನಮ್ಮ ಮನೆಯಲ್ಲಿ ಹೆಸರಾದದ್ದು. ಹಾಲು ಉಕ್ಕಿದ ಹಾಗೆ ಬರುತ್ತದೆ, ಒಲೆ ಗಲೀಜು ಮಾಡಿಯೇ ಇಳಿಯುತ್ತದೆ. ದಾರಿಯಲ್ಲಿ ಮಾವನಿಗೆ ಅಂದುಬಿಟ್ಟೆ.

"ನಾಕ್ ಜನರ ಮುಂದೆ ಹಂಗನ್ಬೇಕಿತ್ತಾ ಮಾವ? ನೀವು ಕೀಮ್ಯಾನ್ ಆಗಿದ್ರಿ ಅನ್ನೋದಕ್ಕೇ ಗತಿಯಿಲ್ಲ, ಇನ್ ಅದರ ಹಳಿ ಹಿಂಗೆ ಅಳ್ತದೆ ಅಂದ್ರೆ ಯಾರು ನಂಬ್ತಾರೆ?"

ಅವರು ಕೋಲೂರುತ್ತ ಮುಂದೆ ನಡೆದರು. ಮುಂದಿನ ಭಾನುವಾರ ಸ್ಟೇಷನ್ ಮಾಸ್ತರು ಬಂದು ನೋಡಿ, ಅದು ದೊಡ್ಡ ರೈಲಿನ ಹಳಿಯೇ ಹೌದು ಎಂದರು. ನಾನು ಮಾವನ ಬಳಿ ಹೋಗಿ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಮಾವನೂ ಆಮೇಲೆ ಸಂಘಕ್ಕೆ ಬರುವುದನ್ನು ನಿಲ್ಲಿಸಿದರು. ಮನೆಯಲ್ಲಿ ರೈಲಿನ ಸುದ್ದಿಯೇ ಇಲ್ಲವಾಯಿತು. ಮಕ್ಕಳು ಕೆಣಕಿದರೂ "ಏನಿಲ್ಲ ಕಣ್ರೋ, ಮರ್ತೋಯ್ತು" ಅನ್ನುತ್ತಿದ್ದರು.

ಅಷ್ಟರಲ್ಲಿ ತರೀಕೆರೆ ಸ್ಟೇಷನ್ನಿನ ಹಳೆಯ ಲ್ಯಾಂಪ್ ರೂಮನ್ನು ಕೆಡವುತ್ತಾರೆ ಎಂಬ ಸುದ್ದಿ ಬಂತು. ಸಿಗ್ನಲ್ ದೀಪಗಳಿಗೆ ಎಣ್ಣೆ ಹಾಕುತ್ತಿದ್ದ ಕಲ್ಲಿನ ಚಿಕ್ಕ ಕೋಣೆ ಅದು, ಖಾಲಿ ಬಿದ್ದಿತ್ತು. ಅದನ್ನು ಮ್ಯೂಸಿಯಮ್ಮಿಗೆ ಕೊಡಿ ಎಂದು ನನ್ನ ದುಂಡನೆಯ ಅಕ್ಷರದಲ್ಲಿ ಮೂರು ಅರ್ಜಿ ಬರೆದೆವು. ಕೊನೆಗೆ ಉತ್ತರ ಬಂತು. ಮುಂದಿನ ತಿಂಗಳು ಒಬ್ಬ ಅಧಿಕಾರಿ ಬಂದು ನೋಡುತ್ತಾರೆ, ಟ್ರಾಮಿಗೆ ಸಂಬಂಧಿಸಿದ್ದು ಏನಾದರೂ ಇದ್ದರೆ ಕೋಣೆ ಉಳಿಸುವ ವಿಚಾರ ಮಾಡುತ್ತಾರೆ, ಇಲ್ಲದಿದ್ದರೆ ಇಲ್ಲ. ದೊಡ್ಡ ರೈಲಿನ ದೀಪ ಟೋಪಿಗಳು ಅವರಲ್ಲೇ ಬೇಕಾದಷ್ಟಿದ್ದವಲ್ಲ. ಟೈಲರು ಮನೆಗೇ ಬಂದು ಮಾವನ ಕೈ ಹಿಡಿದರು. "ಇನ್ನೊಂದು ಸಲ ದಾರಿ ತೋರ್ಸಿ ಯಜಮಾನ್ರೇ. ಟ್ರಾಂದು ಮೋರಿ ಒಂದಾದ್ರೂ ಸಿಕ್ಕೀತು" ಅಂದರು. ಮಾವ ನನ್ನ ಮುಖದ ಕಡೆ ತಿರುಗಿದರು. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ಆದರೂ ತಿರುಗಿದರು. ನಾನು "ಹೋಗನ ಮಾವ" ಅಂದೆ.

ಶನಿವಾರ ನಮ್ಮ ಸ್ಕೂಲು ಹನ್ನೊಂದೂವರೆಗೆ ಬಿಡುತ್ತಿತ್ತು. ಮಾವ, ಟೈಲರು ಇಬ್ಬರೂ ಬಸ್ಸಿನಲ್ಲಿ ನನ್ನ ಸ್ಕೂಲಿನ ಹಳ್ಳಿಗೇ ಬರುವುದು, ಅಲ್ಲಿಂದ ಮೂವರೂ ನಡೆಯುವುದು ಎಂದಾಗಿತ್ತು. ಬಸ್ಸು ಅವತ್ತು ಸ್ವಲ್ಪ ಬೇಗ ಬಂತು. ಮಾವ ಬಸ್ಸಿನಿಂದ ಇಳಿಯುತ್ತಿದ್ದಾಗ ನಾನು ಸ್ಕೂಲಿನ ಜಗಲಿಯಲ್ಲಿ ನಿಂತು ಮನೆಗೆ ಬಿಡುವ ಉದ್ದನೆಯ ಗಂಟೆ ಹೊಡೆಯುತ್ತಿದ್ದೆ. ಮಕ್ಕಳು ಹೋ ಎಂದು ಓಡಿದರು. ಆ ಗದ್ದಲದ ನಡುವೆ ಮಾವ ಕೋಲನ್ನು ಕೈಬಿಟ್ಟು ರಸ್ತೆಯ ನಡುವೆಯೇ ನಿಂತುಬಿಟ್ಟಿದ್ದರು. ನಾನು ಎಡವಿದರೇನೋ ಎಂದು ಓಡಿದೆ.

"ಯಾರಮ್ಮ ಹಳಿ ತಟ್ತಾ ಇದ್ದೋರು?" ಅಂದರು.

"ಯಾವ ಹಳಿ ಮಾವ? ನಾನೇ ಗಂಟೆ ಹೊಡೀತಿದ್ದೆ."

"ಇನ್ನೊಂದ್ ಸಲ ಹೊಡಿ."

ಹೋಗಿ ಹೊಡೆದೆ. ಮಾವ ತೋಳು ಚಾಚಿಕೊಂಡು ಆ ಸದ್ದಿನ ಕಡೆಗೇ ನಡೆದು ಬಂದರು. ಗಂಟೆ ಎಂದು ನಾವು ಕರೆಯುತ್ತಿದ್ದದ್ದು ಜಗಲಿಯ ತೊಲೆಗೆ ಸರಪಳಿಯಲ್ಲಿ ನೇತುಹಾಕಿದ್ದ ಎರಡಡಿ ಕಬ್ಬಿಣ. ಪ್ರತಿ ವರ್ಷ ಆಯುಧಪೂಜೆಗೆ ಮಕ್ಕಳು ಅದಕ್ಕೆ ಸುಣ್ಣ ಬಳಿದು ಕುಂಕುಮ ಇಡುತ್ತಿದ್ದವು. ವರ್ಷ ವರ್ಷದ ಸುಣ್ಣ ಕೂತು ಕೂತು ಅದರ ಆಕಾರವೇ ಮುಚ್ಚಿಹೋಗಿತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಉಗುರಿನಿಂದ ಕೆರೆದರು. ಟೈಲರು ಕತ್ತರಿ ತೆಗೆದು ತಾವೂ ಕೆರೆದರು. ಸುಣ್ಣ ಹಪ್ಪಳದಂತೆ ಬಿತ್ತು. ಒಳಗೆ ಪುಟ್ಟ ಹಳಿ. ತಲೆ, ನಡು, ಪಾದ, ಎಲ್ಲ ಇತ್ತು. ಮಾವ ಬೆರಳು ಜೋಡಿಸಿ ಅಳೆದರು. ಎತ್ತರ ನಾಲ್ಕು ಬೆರಳು.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಅಂದರೆ ಇದೇ. ಒಂಬತ್ತು ವರ್ಷ ದಿನಕ್ಕೆ ಆರು ಸಲ ನಾನು ಅದನ್ನು ಹೊಡೆದಿದ್ದೆ. ಮಾವ ಹಳಿಗೆ ಹಣೆ ಹಚ್ಚಿ ನಿಂತಿದ್ದರು. ನನಗೆ ಅಳು ಬಂತು, ಅತ್ತುಬಿಟ್ಟೆ. ಮಕ್ಕಳು ನೋಡುತ್ತಿದ್ದವು, ನೋಡಲಿ ಎಂದುಕೊಂಡೆ.

ಹೆಡ್‌ಮಾಸ್ತರು ಅದನ್ನು ಮ್ಯೂಸಿಯಮ್ಮಿಗೆ ಕೊಡಲು ಒಪ್ಪಲಿಲ್ಲ. ಅದು ಸ್ಕೂಲಿನ ಸ್ಟಾಕ್ ಪುಸ್ತಕದಲ್ಲಿ 'ಗಂಟೆ – ಒಂದು' ಎಂದು ದಾಖಲಾಗಿದೆ, ಅದನ್ನು ಹಳಿ ಎಂದು ತಿದ್ದುವ ಅಧಿಕಾರ ತನಗಿಲ್ಲ ಎಂದರು. ಕೊನೆಗೆ ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಒಯ್ಯಬಹುದು, ಸೋಮವಾರ ಹತ್ತಕ್ಕೆ ಸ್ವಸ್ಥಾನದಲ್ಲಿ ಇರಬೇಕು ಎಂದಾಯಿತು. ಅಧಿಕಾರಿ ಬರುವ ಶನಿವಾರ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿಗೆ ಹಾಕಿದೆವು. "ಏನ್ ಟೀಚರಮ್ಮಾ, ಇಸ್ಕೂಲೇ ಕಿತ್ಕೊಂಡ್ ಹೊಂಟ್ರಾ?" ಎಂದು ಕಂಡಕ್ಟರು ಕೇಳಿದ.

ಅಧಿಕಾರಿ ಒಳ್ಳೆಯ ಮನುಷ್ಯರೇ, ಆದರೆ ಕೆಲಸದಲ್ಲಿ ಬಿಗಿ. ಲ್ಯಾಂಪ್ ರೂಮಿನಲ್ಲಿ ಹಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇಂಥ ಚಿಕ್ಕ ಹಳಿ ಗಣಿಗಳಲ್ಲೂ ಇರುತ್ತೆ. ಇದು ಟ್ರಾಂದೇ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದರು.

"ನಾನ್ ಹೇಳ್ತೀನಿ ಸ್ವಾಮಿ. ನಾನು ಅದರ ಕೀಮ್ಯಾನು" ಅಂದರು ಮಾವ.

"ಕಾಗದ ಏನಾದ್ರೂ ಇದೆಯಾ?"

"ಗೆದ್ಲು ತಿಂತು."

ಬಾಗಿಲಲ್ಲಿ ನಿಂತಿದ್ದ ಹಳಿ ಕೆಲಸದ ಮೇಸ್ತ್ರಿ ಕಿಸಕ್ಕೆಂದ. ನನ್ನ ಹಾಲು ಉಕ್ಕಿತು. ಈ ಸಲ ಸರಿಯಾದ ಕಡೆಗೇ ಉಕ್ಕಿತು. "ನಗೋದ್ಯಾಕೆ? ಅವರ ಕೈಗೊಂದು ಸುತ್ತಿಗೆ ಕೊಡಿ. ಹೊರಗೆ ನಿಮ್ಮವೇ ಹಳಿ ಬೇಕಾದಷ್ಟು ಬಿದ್ದಾವೆ, ತಟ್ಟಿ ನೋಡ್ಲಿ" ಅಂದೆ. ಅಂದ ಮೇಲೆ ಹೊಳೆಯಿತು, ಈಗ ಅವರು ಸೋತರೆ ನಾನೇ ಸೋಲಿಸಿದ ಹಾಗೆ.

ಅಧಿಕಾರಿಗೆ ಕುತೂಹಲ ಹುಟ್ಟಿತು. ಗೂಡ್ಸ್ ನಿಲ್ಲುತ್ತಿದ್ದ ಪಕ್ಕದ ಸಾಲಿಗೆ ಎಲ್ಲರೂ ಹೋದೆವು. ಮಾವ ಸುತ್ತಿಗೆಯನ್ನು ತೂಗಿ ನೋಡಿ "ಕಾವು ಉದ್ದ ಆಯ್ತು" ಎಂದು ಗೊಣಗಿ, ಹಿಡಿಯನ್ನು ಸ್ವಲ್ಪ ಮುಂದಕ್ಕೆ ಹಿಡಿದರು. ಒಂದು ಕೈ ನನ್ನ ಹೆಗಲ ಮೇಲೆ. ತಟ್ಟುವುದು, ಕಿವಿ ಕೊಡುವುದು, ನಾಲ್ಕು ಹೆಜ್ಜೆ ಇಡುವುದು. ಮುದುಕರ ನಡಿಗೆ ಅದಾಗಿರಲಿಲ್ಲ. ಹತ್ತು ಹನ್ನೆರಡು ಕಡೆ ತಟ್ಟಿದ ಮೇಲೆ ಒಂದು ಜೋಡಣೆಯ ಹತ್ತಿರ ನಿಂತರು. ಮತ್ತೆ ತಟ್ಟಿದರು.

"ಇಲ್ಲಿ ಸೀಳೈತೆ. ಮೇಲಲ್ಲ, ಪಾದದಲ್ಲಿ."

"ನಿನ್ನೆ ತಾನೆ ನೋಡಿದೀನಿ, ಏನಿಲ್ಲ" ಅಂದ ಮೇಸ್ತ್ರಿ. ಅಧಿಕಾರಿ ಸೀಮೆಎಣ್ಣೆ ಮತ್ತು ಸೀಮೆಸುಣ್ಣ ತರಿಸಿದರು. ಎಣ್ಣೆ ಹಚ್ಚಿ, ಒರೆಸಿ, ಮೇಲೆ ಸುಣ್ಣ ತಿಕ್ಕಿದರೆ ಬಿರುಕಿನೊಳಗೆ ಉಳಿದ ಎಣ್ಣೆ ಗೆರೆಯಾಗಿ ಕಾಣುತ್ತದಂತೆ. ಮೇಸ್ತ್ರಿ ಮಂಡಿಯೂರಿ ತಿಕ್ಕಿದ. ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಆಮೇಲೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು, ಪಾದದಲ್ಲೇ. ಮೇಸ್ತ್ರಿ ಎದ್ದು ನಿಂತು ಮಾವನಿಗೆ ಕೈಮುಗಿದ. ಅವನ ಮೇಲಿದ್ದ ನನ್ನ ಸಿಟ್ಟೂ ಅಲ್ಲಿಗೆ ಇಳಿಯಿತು.

"ಹಳಿ ಎಲ್ಲಿಯದೋ ನನಗೆ ಗೊತ್ತಾಗಲ್ಲ" ಅಂದರು ಅಧಿಕಾರಿ. "ಇವರು ಯಾರು ಅನ್ನೋದು ಗೊತ್ತಾಯ್ತು. ಇವರ ಮಾತು ಸಾಕು." ಅಲ್ಲೇ ನಿಂತು ವರದಿಯ ಹಾಳೆಯಲ್ಲಿ ಮಾವನ ಹೆಸರು ಬರೆದುಕೊಂಡು, ಹಾಳೆಯನ್ನು ನನ್ನ ಕೈಗೆ ಕೊಟ್ಟು ಸರಿಯಿದೆಯಾ ನೋಡಿ ಎಂದರು.

"ಏನ್ ಬರ್ದವ್ರಮ್ಮ?" ಎಂದು ಮಾವ ಕೇಳಿದರು. ನಾನು ಅವರ ಹೆಸರು ಓದಿದೆ. ಅದರ ಮುಂದೆ ಇದ್ದದ್ದನ್ನೂ ಓದಿದೆ. "ನಿವೃತ್ತ ಕೀಮ್ಯಾನ್."

"ಇನ್ನೊಂದ್ ಸಲ ಓದು" ಅಂದರು. ಓದಿದೆ.

ಲ್ಯಾಂಪ್ ರೂಮು ಉಳಿಯಿತು. ಟೈಲರು ಅಂಗಡಿಯ ಗುಜರಿಯನ್ನೆಲ್ಲ ಅಲ್ಲಿಗೆ ಸಾಗಿಸಿ, ಭಾನುವಾರಗಳಂದು ಬಾಗಿಲು ತೆರೆಯತೊಡಗಿದರು. ಎದುರಿನ ಗೋಡೆಯಲ್ಲಿ ಒಂದು ಕೊಕ್ಕೆ ಮಾತ್ರ ಇತ್ತು, ಅದರಲ್ಲಿ ಏನೂ ಇರಲಿಲ್ಲ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಒಂದು ಹಲಗೆ: 'ಟ್ರಾಮಿನ ಹಳಿ ಕೆಲಸದ ಮೇಲೆ ಹೋಗಿದೆ. ರಜೆಯಲ್ಲಿ ಸಿಗುತ್ತದೆ.' ಬೇಸಿಗೆ, ದಸರಾ ರಜೆಗಳಲ್ಲಿ ಅದು ಅಲ್ಲಿಗೆ ಬರುತ್ತಿತ್ತು.

ಅಧಿಕಾರಿ ಬಂದಿದ್ದ ಆ ಶನಿವಾರ ಸಂಜೆ ಮನೆಗೆ ನಡೆಯುವಾಗ ಕೊನೆಗೂ ಹೇಳಿದೆ. "ಮಾವ, ನಾನೂ ನಿಮ್ಮನ್ನ ನಂಬಿರ್ಲಿಲ್ಲ."

"ಗೊತ್ತಿತ್ತು ಕಣಮ್ಮ" ಅಂದರು. "ನಂಬ್ದೆ ಇದ್ರೂ ಬಿಸ್ಲಲ್ಲಿ ನನ್ ಹಿಂದೆ ಅಲೆದ್ಯಲ್ಲ. ನಂಬಿ ಮನೇಲಿ ಕೂತೋರ್ಗಿಂತ ವಾಸಿ ಬಿಡು."

ಸೋಮವಾರ ಬೆಳಗ್ಗೆ ಹಳಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟೆ. ಮಾವ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು, ಪಕ್ಕದಲ್ಲಿ ನನ್ನ ಮಕ್ಕಳು. ಹೊತ್ತೇರುತ್ತಿದ್ದದ್ದು ಅವರಿಗೆ ಹೇಗೆ ಗೊತ್ತಾಯಿತೋ.

"ಹೊತ್ತಾಗ್ತಾ ಬಂತು, ಹೋಗಮ್ಮ" ಅಂದರು. "ಹೋಗಿ ರೈಲು ಬಿಡು."