ಹೊಗೆಸೊಪ್ಪು ಕಟ್ಟುವವರ ಎದುರು ಒಂದು ಮೆಟ್ರೋನೋಮ್

ನವರಾತ್ರಿಗೆ ಮೂರು ವಾರವಿದ್ದಾಗ ನನ್ನ ಹೆಂಡತಿ ಶ್ರುತಿಪೆಟ್ಟಿಗೆ ಮುಚ್ಚಿ, ನನ್ನ ಮುಖ ನೋಡದೆ ಹೇಳಿದಳು: "ಮುಂದಿನ ಭಾನುವಾರದವರೆಗೆ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಮೈಸೂರಿಂದ ಬೇರೆಯವರನ್ನ ಕರೆಸ್ತೀನಿ ಕಣ್ರೀ. ಬೇಜಾರು ಮಾಡ್ಕೋಬೇಡಿ."

ಅದು ೨೦೦೪. ಹುಣಸೂರಿಗೆ ಹತ್ತಿರದ ಸಾಲಿಗ್ರಾಮದ ದೇವಸ್ಥಾನದವರು ನವರಾತ್ರಿಯ ಒಂದು ಸಂಜೆ ಅವಳಿಗೆ ಒಂದು ಗಂಟೆ ಕೊಟ್ಟಿದ್ದರು. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಬಂದು ಹತ್ತು ವರ್ಷ ಹಾಡು ಕಲಿತವಳಿಗೆ ಅದೇ ಮೊದಲ ಕಛೇರಿ. ಅವಳ ಬಲಕ್ಕೆ ಮೃದಂಗ ಇಟ್ಟುಕೊಂಡು ನಾನೇ ಕೂರಬೇಕೆಂದು ನನಗೆ ಬಹಳ ಆಸೆಯಿತ್ತು. ಅಡ್ಡಿ ಒಂದೇ. ನಾನು ಓಡುತ್ತಿದ್ದೆ. ಕೀರ್ತನೆ ಶುರುವಾದ ವೇಗದಲ್ಲಿ ಎಂದೂ ಮುಗಿಯುತ್ತಿರಲಿಲ್ಲ.

"ಹಾಡ್ತಿದೀನೋ, ಹೊರಟ ಬಸ್ಸು ಹಿಡೀತಿದೀನೋ ಗೊತ್ತಾಗಲ್ಲ," ಎಂದಳು.

ನಾನು ಆಗ ಹುಣಸೂರಿನಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಲ್ಲಿ ಖಚಿತಪಡಿಸಿಕೊಳ್ಳದೆ ಬರೆಯುವ ಅಭ್ಯಾಸವಿರಲಿಲ್ಲ. ಹೆಂಡತಿಯ ಆರೋಪಕ್ಕೂ ಎರಡನೆಯ ಸಾಕ್ಷಿ ಬೇಕೆನಿಸಿತು. ಸೋಮವಾರ ಬೆಳಿಗ್ಗೆಯೇ ಮೈಸೂರಿನ ಬಸ್ಸು ಹತ್ತಿದೆ. ಹಿಂದಿನ ಸಂಜೆ ಅವಳು ಹಾಡುವಾಗ ಕೈಗಡಿಯಾರ ನೋಡಿ ಎಣಿಸಿದ್ದೆ. ಮುಖ್ಯ ಕೀರ್ತನೆಯ ನಡೆ ನಿಮಿಷಕ್ಕೆ ಎಪ್ಪತ್ತನಾಲ್ಕು ಪೆಟ್ಟು. ಆ ಸಂಖ್ಯೆ ನನ್ನ ನೋಟ್‌ಬುಕ್ಕಿನಲ್ಲಿತ್ತು.

ವಾದ್ಯಗಳ ಅಂಗಡಿಯವರು ಗಾಜಿನ ಮೇಲೆ ಮೂರು ಮೆಟ್ರೋನೋಮ್ ಇಟ್ಟರು, ಒಂದೇ ವೇಗದಲ್ಲಿ ಟಿಕ್ ಟಿಕ್ ಎಂದು ಲಯ ತೋರಿಸುವ ಯಂತ್ರಗಳು. ಒಂದು ಮರದ್ದು, ಕೀಲಿ ಕೊಟ್ಟರೆ ಕಡ್ಡಿ ಅತ್ತಿತ್ತ ತೂಗುವಂಥದ್ದು. ಅದರ ಬೆಲೆ ಕೇಳಿ ಕೈ ಹಿಂದೆಗೆದೆ. ಎರಡನೆಯದು ಡಿಜಿಟಲ್, ಮೇಲೊಂದು ದೊಡ್ಡ ತಿರುಗಣೆ. ಶಬ್ದ ಅಂಗಡಿ ತುಂಬುವಷ್ಟಿತ್ತು. ಆದರೆ ಅದು ಎಪ್ಪತ್ತೆರಡರಿಂದ ಒಂದೇ ಸಲ ಎಪ್ಪತ್ತಾರಕ್ಕೆ ಹಾರುತ್ತಿತ್ತು. ಎಪ್ಪತ್ತೆರಡಕ್ಕೆ ಅವಳ ಹಾಡು ಎಳೆದಂತಾಗುತ್ತದೆ, ಎಪ್ಪತ್ತಾರಕ್ಕೆ ಹಿಂದಿನಿಂದ ತಳ್ಳಿದಂತೆ. ಮೂರನೆಯದು ಅಂಗೈಯಗಲದ್ದು, ಎಲ್ಲಕ್ಕಿಂತ ಅಗ್ಗ. ಒಂದೊಂದೇ ಸಂಖ್ಯೆ ಏರಿಸಬಹುದಿತ್ತು, ಎಂಟಕ್ಕೊಮ್ಮೆ ಗಂಟೆ ಹೊಡೆಯುವಂತೆ ಇಡಬಹುದಿತ್ತು. ಆದಿತಾಳಕ್ಕೆ ಅಷ್ಟು ಸಾಕು. ಪ್ರತಿ ಪೆಟ್ಟಿಗೂ ಒಂದು ಕೆಂಪು ದೀಪ ಮಿನುಗುತ್ತಿತ್ತು. ಧ್ವನಿ ಮಾತ್ರ ಬಹಳ ಸಣ್ಣದು.

"ಮೃದಂಗದ ಮುಂದೆ ಇದು ಸೊಳ್ಳೆ ಇದ್ದಂಗೆ ಸರ್," ಎಂದರು ಅಂಗಡಿಯವರು. "ಇಯರ್‌ಫೋನ್ ಹಾಕ್ಕೊಳ್ಳಿ, ತೂತಿದೆ ನೋಡಿ."

ಅದನ್ನೇ ಕೊಂಡೆ. ವಾಪಸು ಬರುವಾಗ ಬಿಳಿಕೆರೆ ದಾಟುವವರೆಗೂ ಅದನ್ನು ಕಿವಿಗೆ ಹಾಕಿಕೊಂಡು ಸೀಟಿನ ಬೆನ್ನಿಗೆ ಬೆರಳಾಡಿಸಿದೆ. ಮುಂದೆ ಕುಳಿತವರು ಎದ್ದು ಬೇರೆ ಸೀಟಿಗೆ ಹೋದರು.

ನಮ್ಮ ಬಾಡಿಗೆ ಮನೆ ಊರಂಚಿನಲ್ಲಿತ್ತು. ಮಾಲೀಕರು ಹೊಗೆಸೊಪ್ಪು ಬೆಳೆಯುವವರು. ಆ ತಿಂಗಳುಗಳಲ್ಲಿ ಮುರಿದು ತಂದ ಹಸಿ ಎಲೆಯನ್ನು ಏಳೆಂಟು ಹೆಂಗಸರು ಅಂಗಳದಲ್ಲಿ ಕೂತು ಉದ್ದನೆಯ ಕಡ್ಡಿಗಳ ಎರಡೂ ಬದಿಗೆ ದಾರದಿಂದ ಕಟ್ಟುತ್ತಿದ್ದರು. ಕಟ್ಟಿದ ಕಡ್ಡಿ, ಬೆಂಕಿ ಹಾಕಿ ಎಲೆ ಒಣಗಿಸುವ ಬ್ಯಾರನ್ನಿಗೆ ಹೋಗಿ ಅಲ್ಲಿ ಎಲೆ ಹದವಾಗುತ್ತಿತ್ತು. ಅಂಗಳಕ್ಕೆ ಮುಖ ಮಾಡಿದ ಜಗಲಿಯೇ ನನ್ನ ಅಭ್ಯಾಸದ ಜಾಗ. ಬೆಳಿಗ್ಗೆ ಏಳರಿಂದ ಒಂಬತ್ತು. ಹೆಂಡತಿಯ ಹಾಡಿಗೆ ಮೃದಂಗ ಹಿಡಿದು ಕೂರುತ್ತಿದ್ದುದೂ ಅಲ್ಲೇ, ಎಲೆ ಕಟ್ಟುವವರ ಎದುರೇ.

ಮಂಗಳವಾರ ಎಪ್ಪತ್ತನಾಲ್ಕಕ್ಕೆ ಇಟ್ಟು ಶುರುಮಾಡಿದೆ. ಅರ್ಧ ಗಂಟೆ ಯಂತ್ರವೂ ನಾನೂ ಒಂದೇ ಹೆಜ್ಜೆ. ಆಮೇಲೆ ಯಂತ್ರ ನಿಧಾನವಾಯಿತು. ನನ್ನ ಪೆಟ್ಟು ಬಿದ್ದ ಮೇಲೆ ಅದರ ಟಿಕ್ ಕೇಳುತ್ತಿತ್ತು. ಬುಧವಾರವೂ ಅದೇ ಆಯಿತು. ಬ್ಯಾಟರಿ ಬದಲಿಸಿದರೂ ಫಲವಿಲ್ಲ. ಕೆಟ್ಟ ಮಾಲು ಎಂದು ತೀರ್ಮಾನಿಸಿ ಮಧ್ಯಾಹ್ನ ಮತ್ತೆ ಮೈಸೂರಿಗೆ ಹೋದೆ.

ಅಂಗಡಿಯವರು ಅದೇ ಜಾತಿಯ ಇನ್ನೊಂದನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಒತ್ತಿದರು. ನಲವತ್ತು ನಿಮಿಷ ಕಾದೆ. ಎರಡು ದೀಪಗಳೂ ಜೋಡಿಯಾಗಿಯೇ ಮಿನುಗಿದವು. ಕೈಗಡಿಯಾರವೂ ಅವುಗಳ ಪರವಾಗಿಯೇ ಸಾಕ್ಷಿ ಹೇಳಿತು. ಅವರದೇ ಒಂದು ಮೃದಂಗ ಎಳೆದುಕೊಂಡು ಇನ್ನಷ್ಟು ಹೊತ್ತು ನುಡಿಸಿದೆ. ಒಂದು ಪೆಟ್ಟೂ ಮುಂದೆ ಹೋಗಲಿಲ್ಲ.

"ಇಲ್ಲಿ ಸರಿಯಾಗೇ ಬಾರಿಸ್ತೀರಲ್ಲ ಸರ್. ಮನೇಲೇನೋ ತೊಂದರೆ ಇರ್ಬೇಕು."

ಅವರು ನಗಾಡುತ್ತ ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡೆ. ಯಂತ್ರ ಸರಿ. ನಾನೂ ಸರಿ. ಉಳಿದದ್ದು ಜಗಲಿ. ಆ ರಾತ್ರಿ ನಿದ್ದೆ ಬರಲಿಲ್ಲ. ದೊಡ್ಡ ಸುದ್ದಿಯೊಂದರ ಬಾಲ ಕೈಗೆ ಸಿಕ್ಕಾಗ ಮಾಡುವಂತೆ ಎದ್ದೆದ್ದು ಬರೆದುಕೊಂಡದ್ದನ್ನು ಓದುತ್ತಿದ್ದೆ.

ಗುರುವಾರ ಯಂತ್ರ ಹಿಂದೆ ಬೀಳತೊಡಗಿದ ಗಳಿಗೆಗೆ ಸರಿಯಾಗಿ ನಾನು ಕೈ ನಿಲ್ಲಿಸಿ, ಇಯರ್‌ಫೋನ್ ಕಿತ್ತು, ಸುಮ್ಮನೆ ಕಿವಿಗೊಟ್ಟೆ. ಅಂಗಳದಲ್ಲಿ ಎಲೆ ಜೋಡಿಸುವ ಸದ್ದು, ದಾರ ಸುತ್ತಿ ಎಳೆಯುವ ಸದ್ದು. ಏಳು ಗಂಟೆಗೆ ತೂಕಡಿಸುತ್ತಿದ್ದ ಕೈಗಳು ಈಗ ಬಿಸಿಲೇರಿದ ಮೇಲೆ ಒಂದೇ ಸಮನೆ ಓಡುತ್ತಿದ್ದವು. ನಾನು ಕೇಳುತ್ತಿದ್ದಂತೆಯೇ ಆ ಓಟ ಸಡಿಲವಾಯಿತು.

"ಯಾಕ್ ನಿಲ್ಲಿಸ್ಬುಟ್ರಿ ಪೇಪರ್ನೋರೆ?" ಎಂದರು ಮಾಲೀಕರ ಹೆಂಡತಿ. ಐವತ್ತು ದಾಟಿದ ಆಕೆಯೂ ಅವರೊಂದಿಗೆ ಕೂತು ಕಟ್ಟುತ್ತಿದ್ದರು. "ನಮ್ ಕೈ ಬಿದ್ದೋಯ್ತು ನೋಡಿ."

"ನಿಮ್ಮ ಕೈಗೂ ನನ್ನ ಮೃದಂಗಕ್ಕೂ ಏನಮ್ಮ ಸಂಬಂಧ?"

"ಅಯ್, ನಿಮ್ ಮದ್ದಳೆ ಜೋರಾದಂಗೆ ನಮ್ ಕೈನೂವೆ ಜೋರಾಯ್ತದೆ ಕಣಪ್ಪ. ಇವ್ರಿಗೆಲ್ಲ ಕಡ್ಡಿಗಿಷ್ಟು ಅಂತ ಕೂಲಿ. ನೀವು ಬಾರಿಸ್ದ ದಿನ ಒಂದೀಟು ಕಡ್ಡಿ ಜಾಸ್ತಿ ಬೀಳ್ತವೆ."

"ಸೋಮವಾರ ಬೆಳಿಗ್ಗೇನೆ ಬಸ್ ಅತ್ತಿದ್ರಲ್ಲ, ಆವತ್ತು ನಮ್ಗೆ ಲಾಸು," ಎಂದಳು ಪಕ್ಕದಲ್ಲಿದ್ದ ಹುಡುಗಿ.

"ಬಾಡಿಗೆ ಕಮ್ಮಿ ಮಾಡ್ತೀನಿ, ದಿನಾ ಬಾರಿಸಿ," ಎಂದರು ಯಜಮಾನಿ. ಎಲ್ಲರೂ ನಕ್ಕರು.

ನನಗೆ ಕೂರಲಾಗಲಿಲ್ಲ. ಬಿಸಿಲೇರಿದಂತೆ ಅವರ ಕೈ ಚುರುಕಾಗುತ್ತಿತ್ತು. ಅರಿವಿಲ್ಲದೆ ನಾನು ಅದನ್ನು ಹಿಡಿಯುತ್ತಿದ್ದೆ. ನಾನು ಹಿಡಿದೆನೆಂದು ಅವರು ಇನ್ನಷ್ಟು ಬೇಗ ಕಟ್ಟುತ್ತಿದ್ದರು. ಎರಡು ಹಂಗಾಮು ನಾವು ಒಬ್ಬರನ್ನೊಬ್ಬರು ಅಟ್ಟಿಕೊಂಡು ಓಡಿದ್ದೆವು. ಅಡುಗೆಮನೆಗೆ ನುಗ್ಗಿ ಹೆಂಡತಿಗೆ ಒಂದೇ ಉಸಿರಿಗೆ ಹೇಳಿದೆ.

"ಹಾಗಾದ್ರೆ ಹಿತ್ತಲಲ್ಲಿ ಕೂತು ಬಾರಿಸಿ," ಎಂದಳು.

ಹಿತ್ತಲಿಗೆ ಹೋಗಲಿಲ್ಲ. ಸಾಲಿಗ್ರಾಮದಲ್ಲಿ ಎದುರಿಗೆ ಜನ ಇರುತ್ತಾರೆ, ತಾಳ ಹಾಕುವವರು ಇರುತ್ತಾರೆ, ಮಕ್ಕಳು ಓಡಾಡುತ್ತಾರೆ. ಓಡಿಸುವವರ ಎದುರು ಓಡದೆ ಕೂರುವುದೇ ನಾನು ಕಲಿಯಬೇಕಾದ ಪಾಠ. ಒಂದು ಕಿವಿಗೆ ಇಯರ್‌ಫೋನ್ ಚುಚ್ಚಿ, ಇನ್ನೊಂದನ್ನು ಅಂಗಳಕ್ಕೆ ಬಿಟ್ಟೆ. ಎಪ್ಪತ್ತನಾಲ್ಕು ಬಿಟ್ಟು ಅಲ್ಲಾಡಲಿಲ್ಲ.

"ಇದೇನ್ ಸಾಮಿ, ಗಾಡಿ ಎತ್ತು ಮಲಿಕ್ಕೊಂಡಂಗೆ," ಎಂದು ಶುಕ್ರವಾರ ಅಂಗಳದ ಹೆಂಗಸರು ಗೊಣಗಿದರು. ಶನಿವಾರ ನನ್ನ ಆಸೆ ಬಿಟ್ಟು ರೇಡಿಯೋ ತಂದಿಟ್ಟುಕೊಂಡರು. ಈಗ ಕೈಗಳ ಜೊತೆ ಸಿನಿಮಾ ಹಾಡಿನ ಡೋಲಕ್ ಸದ್ದೂ ಸೇರಿತು. ಎರಡು ಸಲ ಜಾರಿದೆ, ಎರಡು ಸಲವೂ ಹಿಂದಕ್ಕೆ ಬಂದೆ. ಅಷ್ಟು ಸಂತೋಷದಿಂದ ಅಭ್ಯಾಸ ಮಾಡಿದ್ದು ನನಗೆ ನೆನಪಿಲ್ಲ.

ಭಾನುವಾರ ಬೆಳಿಗ್ಗೆ, ಅಂಗಳದಲ್ಲಿ ಕೆಲಸ ಜೋರಾಗಿದ್ದ ಹೊತ್ತಿಗೇ ಹೆಂಡತಿ ಜಗಲಿಗೆ ಬಂದಳು. ಯಂತ್ರಕ್ಕೆ ಇಯರ್‌ಫೋನ್ ಚುಚ್ಚಿ ಅದನ್ನು ಯಾರ ಕಿವಿಗೂ ಹಾಕದೆ ನೆಲಕ್ಕೆ ಬಿಟ್ಟಳು. ಶಬ್ದ ಹೋಯಿತು. ದೀಪವನ್ನು ತನ್ನ ಕಡೆ ತಿರುಗಿಸಿಕೊಂಡು, "ಹೂಂ," ಎಂದಳು. ನಾನು ಕಾಲು ಗಂಟೆ ನುಡಿಸಿದೆ. ಅವಳು ದೀಪದಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಮುಕ್ತಾಯ ಹಾಕಿ ಕೈಯೆತ್ತಿದೆ.

"ಮೈಸೂರಿನವರಿಗೆ ಆಗ್ಲೇ ಹೇಳಿಟ್ಟಿದ್ದೆ. ಫೋನ್ ಮಾಡಿ, ಬೇಡ ಅಂತ. ನೀವೇ ಮಾಡಿ, ನನಗೆ ಸಂಕೋಚ."

ಸಾಲಿಗ್ರಾಮದ ಸಂಜೆ ಮೊದಲ ನಾಲ್ಕು ಹಾಡು ಸರಾಗವಾಗಿ ಹೋದವು. ಮುಖ್ಯ ಕೀರ್ತನೆಯಲ್ಲಿ ಸ್ವರ ಹಾಡುವ ಭಾಗಕ್ಕೆ ಬಂದಾಗ ಎದುರಿಗಿದ್ದ ಮುದುಕರೊಬ್ಬರು "ಭೇಷ್" ಎಂದರು. ಅವಳ ಮುಖ ಅರಳಿತು. ಅರಳಿದ್ದೇ ಓಡತೊಡಗಿದಳು. ಅವಳ ತೊಡೆಯ ಮೇಲಿನ ತಾಳ ನನ್ನ ಪೆಟ್ಟಿಗಿಂತ ಮುಂದೆ ಬೀಳುತ್ತಿತ್ತು. ಅವಳ ಹಿಂದೆ ಹೋಗಲು ನನ್ನ ಬೆರಳು ತುಡಿಯುತ್ತಿದ್ದವು. ಹೋಗಲಿಲ್ಲ. ಎಡಗೈಯ ಗುಂಕಿಯನ್ನು, ಆ ತಗ್ಗು ನಾದದ ಪೆಟ್ಟನ್ನು, ತುಸು ಗಟ್ಟಿ ಮಾಡಿ ಇದ್ದಲ್ಲೇ ಇದ್ದೆ. ಅವಳು ಒಮ್ಮೆ ಓರೆಗಣ್ಣಲ್ಲಿ ನೋಡಿ, ಒಂದು ಸ್ವರವನ್ನು ಉದ್ದಕ್ಕೆ ಹಿಡಿದು, ತಾಳದ ಮುಂದಿನ ಆವರ್ತಕ್ಕೆ ನನ್ನ ಪೆಟ್ಟಿನ ಮೇಲೆ ಬಂದು ನಿಂತಳು.

ಹುಣಸೂರಿನ ಬಸ್ಸಿನಲ್ಲಿ ಅವಳು ಶ್ರುತಿಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆಮೇಲೆ ಕೇಳಿದಳು: "ಓಡಿದೆ, ಅಲ್ವಾ?"

"ಎರಡು ಆವರ್ತ."

"ಮೂರು," ಎಂದು ತಿದ್ದಿದಳು. "ನೀವು ಗಟ್ಟಿಯಾಗಿ ಕೂತಿದ್ದಕ್ಕೆ ಬಚಾವಾದೆ ಕಣ್ರೀ."