ಮಾತಿನ ಪಕ್ಕದ ಗಡ್ಡೆ

ತಲೆ ಬಾಚುವಾಗ ಬಾಚಣಿಗೆ ಎಡಗಿವಿಯ ಮೇಲೆ ಒಂದು ಕಡೆ ತಡೆಯುತ್ತದೆ. ಆಪರೇಶನ್ನಿನ ಗುರುತು. ಇವತ್ತೂ ತಡೆಯಿತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದುವ ಕಷ್ಟ ನಿಮ್ಮದು.

ತಲೆಯೊಳಗೆ ಗಡ್ಡೆ, ಅದೂ ಮಾತು ಹುಟ್ಟುವ ಜಾಗದ ಪಕ್ಕದಲ್ಲೇ, ತೆಗೆಯುವಾಗ ಮಾತು ಹೋದರೂ ಹೋಗಬಹುದು ಎಂದರು ಡಾಕ್ಟರು. ದೇವಸ್ಥಾನದಲ್ಲಿ ಪೂಜೆ ಮಾಡುವ ನನ್ನ ಗಂಡ, ಮಂತ್ರ ಬಿಟ್ಟರೆ ಬಾಯಿ ತೆರೆಯದ ಮನುಷ್ಯ, ಆಗ ಮಾತ್ರ ತೆರೆದರು.

"ಸ್ವಲ್ಪ ಹೋದ್ರೂ ಬೇಕಾದಷ್ಟು ಉಳೀತದೆ ಡಾಕ್ಟ್ರೇ."

ಡಾಕ್ಟರು ನಕ್ಕರು. ನಾನು ನಗಲಿಲ್ಲ. ಕಾಲು ಹೋದರೆ ಕುಳಿತಾದರೂ ಬದುಕಬಹುದು. ಮಾತು ಹೋದರೆ ಇಂಥವರ ಜೊತೆ ಒಂದೇ ಮನೆಯಲ್ಲಿ ಹೇಗೆ ದಿನ ಕಳೆಯುವುದು?

ನನ್ನ ತಮ್ಮನ ಮಗಳು ಶ್ರುತಿಗೆ ಅದೇ ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಕೆಲಸ. ಕಾವೂರಿನ ನಮ್ಮ ಮನೆಗೆ ಬಂದು ಸ್ಕ್ಯಾನಿನ ಚಿತ್ರ ತೋರಿಸಿ ವಿವರಿಸಿದಳು.

"ಅತ್ತೆ, ತಲೆ ತೆರೆದ ಕೂಡಲೇ ಮೆದುಳು ಸ್ವಲ್ಪ ಜಾರ್ತದೆ. ಮೊದಲಿನ ಸ್ಕ್ಯಾನ್ ಮತ್ತೆ ತಾಳೆ ಆಗುವುದಿಲ್ಲ. ಮಧ್ಯದಲ್ಲಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಹೊಂದಿಸ್ಬೇಕು."

"ಹೊಂದಿಸು. ಬೇಡ ಅಂದವರು ಯಾರು?"

"ಕಂಪ್ಯೂಟರಿಗೆ ಎಲ್ಲ ಒಂದೇ ಬೂದಿ ಬಣ್ಣ. ಇದು ಗಡ್ಡೆ, ಇದು ಮೆದುಳಿನೊಳಗಿನ ನೀರಿನ ಜಾಗ ಅಂತ ಎರಡು ಚಿತ್ರದಲ್ಲೂ ಗೆರೆ ಹಾಕಿ ಬೇರೆ ಮಾಡಿ ಕೊಟ್ರೆ, ಗಡ್ಡೆ ಗಡ್ಡೆಯ ಮೇಲೆಯೇ ಕೂರ್ತದೆ."

ಗಂಡ ಚಿತ್ರಕ್ಕೆ ಬಗ್ಗಿ, "ನಾವು ಮಂಡಲ ಬರೆಯುವುದೂ ಹೀಗೇ. ಮೊದಲು ಗೆರೆ, ಮತ್ತೆ ಬಣ್ಣ" ಎಂದರು.

"ನಿಮ್ಮ ಮಂಡಲ ಜಾರುವುದಿಲ್ಲ ಮಾವ."

ಆಸ್ಪತ್ರೆಗೆ ಸೇರಿದ ಮೇಲೆ ತಲೆಗೆ ಸಣ್ಣ ಉಂಗುರದಂಥ ಸ್ಟಿಕ್ಕರ್‌ಗಳನ್ನು ಅಂಟಿಸಿ ಸ್ಕ್ಯಾನ್ ಮಾಡಿದರು. ತಲೆ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಯುವುದು ಅದರಿಂದಂತೆ. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ತಲೆಸ್ನಾನ ಮಾಡದೆ ಹೊರಡುವ ಕ್ರಮವಿಲ್ಲ. ಆಪರೇಶನ್ನಿನ ದಿನ ಬೆಳಿಗ್ಗೆ ಎದ್ದು ಸೀಗೆಪುಡಿ ಹಾಕಿ ಚೆನ್ನಾಗಿ ತಿಕ್ಕಿದೆ. ಸ್ಟಿಕ್ಕರ್ ಎಲ್ಲ ಮೋರಿಗೆ ಹೋಯಿತು.

"ಎಂತ ಮಾಡಿದ್ದು ಅತ್ತೆ ನೀವು? ಇನ್ನು ಸ್ಕ್ಯಾನ್ ಪುನಃ, ಗೆರೆ ಪುನಃ."

"ಎಣ್ಣೆ ತಲೆ ಡಾಕ್ಟ್ರ ಕೈಗೆ ಕೊಡ್ಲಿಕ್ಕೆ ಆಗ್ತದಾ?"

ಆಪರೇಶನ್ ಮರುದಿನಕ್ಕೆ ಹೋಯಿತು. ಶ್ರುತಿ ಊಟ ಬಿಟ್ಟು ಕುಳಿತು ಗೆರೆ ಹಾಕಿದಳು. ಬೈದುಕೊಂಡೇ ಹಾಕಿರಬೇಕು.

ಆಪರೇಶನ್ ಮುಗಿದು ನಾನು ಕಣ್ಣು ಬಿಟ್ಟಾಗ ಗಂಡ, ಶ್ರುತಿ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾತು ಹುಡುಕಿದೆ. ಕೂಡಲೇ ಸಿಗಲಿಲ್ಲ. ಶ್ರುತಿಯ ಮುಖ ಬಿಳಿಚಿತು. ಮತ್ತೆ ಮಾತು ಬಂತು.

"ನಿಮ್ಮ ಆ ಶಾಲು ಒಗೆಯದೆ ಎಷ್ಟು ದಿನ ಆಯ್ತು?"

ಗಂಡ ಹೊರಗೆ ಹೋದರು. ತುಂಬ ಹೊತ್ತು ಬರಲಿಲ್ಲ.

ಈಗ ನಾನು ಸ್ವಲ್ಪ ಸುಮ್ಮನಿದ್ದರೆ ಸಾಕು, ಎಲ್ಲಿದ್ದರೂ ಬಂದು ಬಾಗಿಲಲ್ಲಿ ನಿಂತು, "ಎಂತ, ಮಾತೇ ಇಲ್ಲ?" ಎನ್ನುತ್ತಾರೆ. ಇವತ್ತೂ ಬಾಚಣಿಗೆ ಬದಿಗಿಟ್ಟು ಬೇಕೆಂದೇ ಬಾಯಿ ಮುಚ್ಚಿ ಕುಳಿತಿದ್ದೇನೆ. ಅಂಗಳದಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿತು.