ದನಿ ಮುಂದೆ, ತುಟಿ ಹಿಂದೆ

ಬೆಳಗಿನ ಐದೂವರೆ. ಮುಂಬಯಿಯ ಕುರ್ಲಾದ ಚಾಳಿನ ಒಂದು ಖೋಲಿಯಲ್ಲಿ ಭಾಗವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಪಕ್ಕದಲ್ಲೇ ಕೂತ ಸೊಸೆ ಮಹಾದೇವಿ ಕೈಜೋಡಿಸುವ ಲಕ್ಷಣವಿಲ್ಲ. ಫೋನು ಹಿಡಿದು ಅತ್ತೆಯ ಕೈಯನ್ನೇ ವಿಡಿಯೊ ಮಾಡುತ್ತಿದ್ದಾರೆ. ನೋಡಿದವರು ರೀಲ್ಸ್ ಹುಚ್ಚು ಎಂದಾರು. ಅಲ್ಲ, ಇದು ಅವರ ನೌಕರಿ.

"ಎಷ್ಟ್ ಸಲ ತಗೀತಿ? ನಿನ್ನಿ ಕೈನೇ ಇವತ್ತೂ ಅವ," ಎಂದು ಭಾಗವ್ವ ಗೊಣಗುತ್ತಾರೆ. ಗೊಣಗುತ್ತಲೇ ಸೆರಗು ಸರಿಮಾಡಿಕೊಳ್ಳುತ್ತಾರೆ.

ಪರೇಲಿನ ಒಂದು ಸಣ್ಣ ಕಂಪನಿ ಕಿವಿಗೆ ಯಂತ್ರ ಹಾಕಿಕೊಂಡ ಮಕ್ಕಳಿಗೆ ಮಾತು ಕಲಿಸುವ ವಿಡಿಯೊ ಆ್ಯಪ್ ನಡೆಸುತ್ತದೆ. ಟೀಚರ ತುಟಿ ನೋಡುತ್ತ, ದನಿ ಕೇಳುತ್ತ, ಎರಡನ್ನೂ ಕೂಡಿಸಿಕೊಂಡು ಮಗು ಕಲಿಯಬೇಕು. ಫೋನುಗಳಿಗೆ ಹೊಸ ಆಪರೇಟಿಂಗ್ ಸಿಸ್ಟಂ ಬರುವ ಮೊದಲು ಅದರ ಬೀಟಾ ಬರುತ್ತದೆ. ಅರೆಬೆಂದ ಅಡುಗೆಯನ್ನು ರುಚಿ ನೋಡಲು ಕೊಟ್ಟ ಹಾಗೆ. ಅದರ ಮೇಲೆ ಆ್ಯಪ್ ಓಡಿಸಿ ಎಲ್ಲಿ ತೊಡರುತ್ತದೆ ಎಂದು ಹುಡುಕುವವರು ಮಹಾದೇವಿ. ದಿನಕ್ಕೆ ಎಂಟು ಫೋನು, ಒಂದೊಂದಕ್ಕೆ ಮುಕ್ಕಾಲು ಗಂಟೆ. ಅತ್ತೆಯ ವಿಡಿಯೊವನ್ನೂ ಆ್ಯಪಿಗೆ ಹಾಕಿ ನೋಡುತ್ತಾರೆ. ರೊಟ್ಟಿಗೆ ಕೈ ಬೀಳುವುದೂ ಸಪ್ಪಳ ಕೇಳುವುದೂ ಒಟ್ಟಿಗೇ ಆಗಬೇಕು.

ಕಲಬುರಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಮಹಾದೇವಿ ಮೊದಲು ಅದೇ ಆಫೀಸಿನಲ್ಲಿ ಕಸ ಗುಡಿಸುತ್ತಿದ್ದರು. ಒಂದು ದಿನ ಟೇಬಲ್ ಒರೆಸುತ್ತ, ಅಲ್ಲಿ ಓಡುತ್ತಿದ್ದ ಪಾಠದ ವಿಡಿಯೊ ನೋಡಿ, "ಸರ್, ಮಾತು ಮೊದ್ಲ ಬಂತು, ಬಾಯಿ ಆಮ್ಯಾಲ ತೆರೀತು," ಎಂದುಬಿಟ್ಟರು. ಇಂಜಿನಿಯರುಗಳು ಮೂರು ಸಲ ನೋಡಿದ ಮೇಲೆ ಒಪ್ಪಿಕೊಂಡರು. ಹೀಗೆ ಪೊರಕೆ ಹೋಗಿ ಕುರ್ಚಿ ಬಂತು, ಆರು ವರ್ಷವಾಯಿತು.

ಈ ಸಲದ ಬೀಟಾ ಬಂದ ಮೂರನೇ ದಿನವೇ ಅವರ ಕಣ್ಣಿಗೆ ಹುಳುಕು ಬಿತ್ತು. ಮನೆಯಲ್ಲಿ ಇಪ್ಪತ್ತು ನಿಮಿಷ ಓಡಿದ ಮೇಲೆ ದನಿ ಮುಂದೆ ಹೋಗುತ್ತದೆ, ತುಟಿ ಹಿಂದೆ ಉಳಿಯುತ್ತದೆ. ವ್ಯತ್ಯಾಸ ಅರೆ ಸೆಕೆಂಡೂ ಇಲ್ಲ. ಬರೆದು ಕಳಿಸಿದರು. "ನಮ್ಮ ಹತ್ರ ಸಬ್ ಠೀಕ್ ಇದೆ, ಅಕ್ಕಾ. ನಿಮ್ಮ ಫೋನೇ ಖರಾಬ್ ಇರಬೇಕು," ಎಂದು ಟೀಮಿನ ಮುಖ್ಯಸ್ಥ ಅನಿಲಕುಮಾರ ದೂರನ್ನು ಎರಡು ಸಲ ಮುಚ್ಚಿಹಾಕಿದರು. ಹದಿನೈದು ದಿನದಲ್ಲಿ ಹೊಸ ಸಿಸ್ಟಂ ಎಲ್ಲರ ಫೋನಿಗೂ ಇಳಿಯುವುದಿತ್ತು. ಅಷ್ಟರಲ್ಲಿ ಸರಿಯಾಗದಿದ್ದರೆ ಮುನ್ನೂರು ಮಕ್ಕಳ ಪಾಠ ಕೆಡುತ್ತಿತ್ತು.

ತಪ್ಪು ಎಲ್ಲಿದೆ ಎನ್ನುವುದು ಮಹಾದೇವಿಗೆ ಗೊತ್ತಿತ್ತು. "ಅವ್ರು ಎಸಿಯಾಗ ಕೂತು ನೋಡ್ತಾರ್ರಿ. ಫೋನ್ ತಣ್ಣಗಿರ್ತದ. ಮಕ್ಕಳ ತಾಯಂದ್ರು ಒಲಿ ಬಾಜೂಕ ಫೋನಿಟ್ಟು, ಅಡಿಗಿ ಮಾಡ್ಕೋತ ಪಾಠ ಹೇಳಸ್ತಾರ. ಬಿಸಿ ಆತಂದ್ರ ಈ ಹೊಸ ಸಿಸ್ಟಂ ಕಾಲೆಳ್ಕೋತ ನಡೀತದ, ಚಿತ್ರ ಹಿಂದ ಬೀಳ್ತದ."

ಎಷ್ಟು ಹೇಳಿದರೂ ನಂಬದವರನ್ನು ಏನು ಮಾಡುವುದು? ಮನೆಗೇ ಕರೆದರು. ಭಾನುವಾರ ಬೆಳಿಗ್ಗೆ ಅನಿಲಕುಮಾರ ತಮ್ಮದೇ ಫೋನು ತಂದರು. ಭಾಗವ್ವ ತಟ್ಟೆಗೆ ರೊಟ್ಟಿ, ಶೇಂಗಾಹಿಂಡಿ ಹಾಕಿದರು. ಫೋನು ಒಲೆಯ ಪಕ್ಕದಲ್ಲಿ ಓಡುತ್ತಿತ್ತು. ಇಪ್ಪತ್ತೆರಡನೇ ನಿಮಿಷಕ್ಕೆ ಮಹಾದೇವಿ ಅತ್ತೆಯ ವಿಡಿಯೊ ಹಚ್ಚಿದರು. ಟಪ್ ಎಂದು ಸಪ್ಪಳ ಕೇಳಿತು. ಆಮೇಲೆ ಕೈ ಇಳಿಯಿತು.

"ಅಯ್ಯ, ನನ್ನ ಕೈಗೇನಾಗ್ಯದ? ಸಪ್ಪಳಾದ ಮ್ಯಾಲ ಬೀಳ್ಲಿಕತ್ತದಲ್ಲ!" ಭಾಗವ್ವ ಗಾಬರಿಯಾದರು.

ಅನಿಲಕುಮಾರರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಸಾರಿ ಅಕ್ಕಾ," ಎಂದವರು ಮರುದಿನದಿಂದ ತಂಡವನ್ನೆಲ್ಲ ಅದರ ಬೆನ್ನಿಗೆ ಬಿಟ್ಟರು. ಹೊಸ ಸಿಸ್ಟಂ ಇಳಿಯಲು ಎರಡು ದಿನವಿದೆ ಎನ್ನುವಾಗ ಆ್ಯಪ್ ಸರಿಯಾಯಿತು.

ಕಂಪನಿ ಹಾಕಿದ ಅಭಿನಂದನೆಯ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿವೆ, ಮಹಾದೇವಿಯವರದಿಲ್ಲ. ಓದಿದರೆ ನಮಗೆ ಸಿಟ್ಟು ಬರುತ್ತದೆ, ಅವರಿಗೆ ನಗು. ಹಾಗಾದರೆ ಅಷ್ಟು ಹಟ ಯಾಕೆ ಎಂದು ಕೇಳಿದರೆ, ಕೂದಲು ಸರಿಸಿ ಬಲಗಿವಿಯ ಪುಟ್ಟ ಯಂತ್ರ ತೋರಿಸುತ್ತಾರೆ.

"ಸಾಲ್ಯಾಗ ನನಗ ಅರ್ಧಾನೇ ಕೇಳ್ತಿತ್ತು. ಮಾಸ್ತರು ಹಲಗಿ ಕಡಿ ಮಾರಿ ಮಾಡಿ ಹೇಳ್ತಿದ್ರು, ತುಟಿ ಕಾಣ್ತಿರ್ಲಿಲ್ಲ. ನಾನೇ ದಡ್ಡಿ ಅಂತ ಎಷ್ಟೋ ವರ್ಷ ತಿಳ್ಕೊಂಡಿದ್ದೆ. ಈಗ ಈ ಕೂಸುಗಳಿಗೆ ತಪ್ಪು ಫೋನಿಂದು ಅಂತ ಹ್ಯಾಂಗ ಗೊತ್ತಾಗ್ಬೇಕ್ರಿ? ತಪ್ಪು ತಮ್ದೇ ಅನ್ಕೋತಾವ. ಅದೊಂದು ಆಗಬಾರ್ದು ನೋಡ್ರಿ."